ಜಾತ್ರೆ ಕುಸ್ತಿಯ ಪ್ರಸಾರ ಹಕ್ಕು ಕೇಳಿಕೊಂಡು ಬಂದಿದ್ದಾರೆ: ಕೊಡುವುದಾದರೆ ಯಾವ ಷರತ್ತಿನ ಮೇಲೆ?

ಆಳಂದ ರಸ್ತೆ (ಕಲಬುರಗಿ)

ಯುಗಾದಿ ಕಳೆದ ಮೇಲೆ ನಮ್ಮೂರ ಜಾತ್ರೆ, ಅದರ ಮರುದಿನ ಕುಸ್ತಿ. ಅಜ್ಜನ ಕಾಲದಿಂದ ನಡೆದು ಬಂದಿದೆ. ಹುಡುಗರ ತೆಂಗಿನಕಾಯಿ ಕುಸ್ತಿಯಿಂದ ಶುರುವಾಗಿ, ಹೊತ್ತು ಮುಳುಗುವಾಗ ಬೆಳ್ಳಿ ಕಡಗದ ಕುಸ್ತಿಯಲ್ಲಿ ಮುಗಿಯುತ್ತದೆ. ಈ ಸಲ ಕುಸ್ತಿ ಸಮಿತಿಯ ಲೆಕ್ಕ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ಕಳೆದ ಭಾನುವಾರ ಒಂದು ಯೂಟ್ಯೂಬ್ ಚಾನೆಲ್‌ನವರು ಬಂದು ಗುಡಿಯ ಕಟ್ಟೆಯ ಮೇಲೆ ಎರಡು ಹಾಳೆಯ ಕರಾರುಪತ್ರ ಇಟ್ಟರು. ಐದು ವರ್ಷ ನೇರಪ್ರಸಾರದ ಹಕ್ಕು ಅವರೊಬ್ಬರಿಗೇ. ವರ್ಷಕ್ಕೆ 40 ಸಾವಿರ ರೂಪಾಯಿ. ಬೇರೆ ಯಾರೂ, ಊರಿನವರು ಕೂಡ, ಕುಸ್ತಿಯ ವಿಡಿಯೊ ಹಾಕುವಂತಿಲ್ಲ. ಸಮಿತಿಯ ಬಳಿ ಇರುವ ಹಳೆಯ ಕ್ಯಾಸೆಟ್‌ಗಳೂ ಅವರಿಗೇ ಸೇರಬೇಕು. ಹಿರಿಯರಿಗೆ ಖುಷಿಯಾಗಿದೆ, ಪೆಂಡಾಲು ಮತ್ತು ಮೈಕಿನ ಖರ್ಚು ಅಷ್ಟರಲ್ಲೇ ಹೊರಡುತ್ತದೆ. ನಾನು ಎಂಟು ದಿನ ಸಮಯ ಕೇಳಿದ್ದೇನೆ.

ಸಮಯ ಕೇಳಲು ಕಾರಣವಿದೆ. ನಾನು ಇಪ್ಪತ್ತು ವರ್ಷದಿಂದ ಡಬ್ಲ್ಯುಡಬ್ಲ್ಯುಇ (ಮೊದಲೇ ಬರೆದ ಕಥೆಯಂತೆ ನಡೆಯುವ ಅಮೆರಿಕದ ಕುಸ್ತಿ ಪ್ರದರ್ಶನ) ನೋಡುತ್ತೇನೆ, ಅದರ ಪ್ರಸಾರ ಒಪ್ಪಂದಗಳ ಸುದ್ದಿಯನ್ನೂ ಬಿಡದೆ ಓದುತ್ತೇನೆ. 2024ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್ ಅವರ ವಾರದ ‘ರಾ’ ಕಾರ್ಯಕ್ರಮವನ್ನು ಹತ್ತು ವರ್ಷಕ್ಕೆ ಕೊಂಡಿತು, 500 ಕೋಟಿ ಡಾಲರ್‌ಗೂ ಹೆಚ್ಚು. ಆದರೆ ಐದು ವರ್ಷಕ್ಕೆ ಹೊರಬರುವ ಬಾಗಿಲನ್ನೂ, ಬೇಕಾದರೆ ಇನ್ನೂ ಹತ್ತು ವರ್ಷ ಮುಂದುವರಿಸುವ ಬಾಗಿಲನ್ನೂ ನೆಟ್‌ಫ್ಲಿಕ್ಸ್ ತನಗೆ ಇಟ್ಟುಕೊಂಡಿತು. ಹಣವಂತರೇ ಅಷ್ಟು ಎಚ್ಚರವಾಗಿರುವಾಗ, ನಮ್ಮ ಮುಂದಿಟ್ಟ ಎರಡು ಹಾಳೆಯಲ್ಲಿ ನಮಗೆ ಒಂದು ಕಿಟಕಿಯೂ ಇಲ್ಲ. ಅನುಭವ ಇದ್ದವರು ಹೇಳಿ. ಮುಂದಿನ ಭಾನುವಾರ ಸಭೆ ಇದೆ.

ತೊಗರಿ ಹೊಲ (ಸೇಡಂ)

ಅಣ್ಣಾ, ಬಂದ 40 ಸಾವಿರ ಬಿಡಬೇಡಿ. ಹೋದ ವರ್ಷ ಎಷ್ಟು ಬಂದಿತ್ತು? ಸೊನ್ನೆ. ನಮ್ಮೂರ ಜಾತ್ರೆಯಲ್ಲಿ ಪಟ್ಟಿ ಎತ್ತಲು ಮನೆ ಮನೆ ತಿರುಗಿ ಚಪ್ಪಲಿ ಸವೆಯುತ್ತದೆ. ಅಮೆರಿಕದ ಲೆಕ್ಕ ನಮಗೇಕೆ?

ಹಳೆ ಕೇಬಲ್ (ಶಹಾಬಾದ್)

ಅಮೆರಿಕದ ಲೆಕ್ಕ ನಮ್ಮ ಓಣಿಗೂ ಬರುತ್ತದೆ ಎಂಬುದನ್ನು ನಾನು ಹದಿನೆಂಟು ವರ್ಷ ಕೇಬಲ್ ನಡೆಸಿ ಕಂಡಿದ್ದೇನೆ.

ಡಬ್ಲ್ಯುಡಬ್ಲ್ಯುಇ ತೋರಿಸುತ್ತಿದ್ದ ಟೆನ್ ಸ್ಪೋರ್ಟ್ಸ್ ಚಾನೆಲ್ 2002ರಲ್ಲಿ ಬಂದಾಗ ಅದು ದುಬೈನ ತಾಜ್ ಟೆಲಿವಿಷನ್‌ನವರದು. ಆಮೇಲೆ ಝೀ ಕೈಗೆ ಹೋಯಿತು, ಅಲ್ಲಿಂದ ಸೋನಿಗೆ. ಮಾಲೀಕರು ಬದಲಾದಾಗಲೆಲ್ಲ ನಮಗೆ ಹೊಸ ದರಪಟ್ಟಿ. ದರ ಒಪ್ಪದಿದ್ದರೆ ಸಿಗ್ನಲ್ ಬಂದ್. ಜನ ಬಂದು ಜಗಳವಾಡುತ್ತಿದ್ದುದು ಮುಂಬೈನಲ್ಲೋ ದುಬೈನಲ್ಲೋ ಕುಳಿತವರ ಬಳಿ ಅಲ್ಲ, ನನ್ನ ಅಂಗಡಿಯ ಬಾಗಿಲಲ್ಲಿ. ಒಮ್ಮೆ ಡಬ್ಲ್ಯುಡಬ್ಲ್ಯುಇಯ ವರ್ಷದ ದೊಡ್ಡ ಪಂದ್ಯಾವಳಿ ರೆಸಲ್‌ಮೇನಿಯಾದ ಹಿಂದಿನ ರಾತ್ರಿ ಚಾನೆಲ್ ಹೋಯಿತು. ಬೆಳಗಿನ ಜಾವ ಹನ್ನೆರಡು ಹುಡುಗರು ನನ್ನ ಮನೆಯ ಮೆಟ್ಟಿಲ ಮೇಲೆ ಕುಳಿತಿದ್ದರು. ಶಾಲೆಯ ಚೀಲ ಬೆನ್ನಿಗೇ ಇತ್ತು. ಬೈಯಲಿಲ್ಲ, ಕೂಗಲಿಲ್ಲ, ‘ಬರುತ್ತದೆಯಾ ಕಾಕಾ’ ಎಂದಷ್ಟೇ ಕೇಳುತ್ತಿದ್ದರು. ಇಂದಿಗೂ ಅದನ್ನು ನೆನೆದರೆ ಸಂಕಟವಾಗುತ್ತದೆ.

2004ರಲ್ಲಿ ಭಾರತ ಕ್ರಿಕೆಟ್ ತಂಡ ಪಾಕಿಸ್ತಾನಕ್ಕೆ ಹೋದಾಗ ಹಕ್ಕು ಟೆನ್ ಸ್ಪೋರ್ಟ್ಸ್ ಬಳಿ ಇತ್ತು. ದೂರದರ್ಶನಕ್ಕೂ ಕೊಡಬೇಕೆಂದು ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2007ರಲ್ಲಿ ಕಾಯ್ದೆಯೇ ಬಂತು: ರಾಷ್ಟ್ರೀಯ ಮಹತ್ವದ್ದೆಂದು ಸರ್ಕಾರ ಗುರುತಿಸಿದ ಪಂದ್ಯದ ಸಿಗ್ನಲ್ ಅನ್ನು ಪ್ರಸಾರ ಭಾರತಿಗೆ ಹಂಚಿಕೊಳ್ಳಬೇಕು. ಡಬ್ಲ್ಯುಡಬ್ಲ್ಯುಇಗೆ, ಅಮೆರಿಕದ ಮಿಶ್ರ ಸಮರಕಲೆಯ ಪಂದ್ಯ ನಡೆಸುವ ಯುಎಫ್‌ಸಿಗೆ ಆ ರಕ್ಷಣೆ ಇಲ್ಲ. ಯಾರು ಕೊಂಡರೋ ಅವರದೇ ಬೀಗ, ಅವರದೇ ಕೀಲಿ.

ನಿಮ್ಮ ಕರಾರಿನಲ್ಲಿ ನನಗೆ ಭಯ ಹುಟ್ಟಿಸಿದ್ದು 40 ಸಾವಿರ ಎಂಬ ಅಂಕಿಯಲ್ಲ. ಐದು ವರ್ಷದಲ್ಲಿ ಆ ಚಾನೆಲ್‌ನವರು ತಮ್ಮ ಹಕ್ಕನ್ನು ಇನ್ನೊಬ್ಬರಿಗೆ ಮಾರಿದರೆ ನಿಮ್ಮೂರಿನವರು ಯಾರ ಬಾಗಿಲಿಗೆ ಹೋಗಬೇಕು? ಅದನ್ನು ಕೇಳಿ.

ಮಂಗಳವಾರ ಬೆಳಿಗ್ಗೆ (ಯಾದಗಿರಿ)

ಕಾಕಾ, ನೀವು ಹೇಳಿದ ಬೀಗ ಈಗ ನಮ್ಮ ಮನೆಗೂ ಬಿದ್ದಿದೆ.

ನಾನು ಶಾಲಾ ಶಿಕ್ಷಕಿ. ಅಪ್ಪ ಮತ್ತು ನಾನು ನನ್ನ ಆರನೇ ತರಗತಿಯಿಂದ ಒಟ್ಟಿಗೆ ಕುಳಿತು ರಾ ನೋಡಿದವರು. ಭಾರತದಲ್ಲಿ 2025ರ ಮಾರ್ಚ್ 31ರವರೆಗೆ ಸೋನಿಯಲ್ಲಿ ಬರುತ್ತಿತ್ತು, ಏಪ್ರಿಲ್ 1ರಿಂದ ನೆಟ್‌ಫ್ಲಿಕ್ಸ್‌ಗೆ ಹೋಯಿತು. ರಾ, ಸ್ಮ್ಯಾಕ್‌ಡೌನ್, ಎನ್‌ಎಕ್ಸ್‌ಟಿ, ರೆಸಲ್‌ಮೇನಿಯಾ ಎಲ್ಲವೂ ಒಂದೇ ಕಡೆ. ಒಂದು ರೀತಿಯಲ್ಲಿ ಅನುಕೂಲ. ಅಮೆರಿಕದವರಿಗೆ ಆ ಅನುಕೂಲವೂ ಇಲ್ಲ: ಅವರಿಗೆ ರಾ ನೆಟ್‌ಫ್ಲಿಕ್ಸ್‌ನಲ್ಲಿ, ಸ್ಮ್ಯಾಕ್‌ಡೌನ್ ಯುಎಸ್‌ಎ ನೆಟ್‌ವರ್ಕ್‌ನಲ್ಲಿ, ಎನ್‌ಎಕ್ಸ್‌ಟಿ ಸಿಡಬ್ಲ್ಯುನಲ್ಲಿ, ದೊಡ್ಡ ಪಂದ್ಯಗಳು 2025ರ ಸೆಪ್ಟೆಂಬರ್‌ನಿಂದ ಇಎಸ್‌ಪಿಎನ್‌ನಲ್ಲಿ. ಒಂದೇ ಕಂಪನಿಯ ಆಟವನ್ನು ನಾಲ್ಕು ತುಂಡು ಮಾಡಿ ನಾಲ್ವರಿಗೆ ಮಾರಿದ್ದಾರೆ.

ಆದರೆ ನಮ್ಮ ಮನೆಯಲ್ಲಿ ಆದದ್ದು ಇದು. ನಾನು ತೆಗೆದುಕೊಂಡಿರುವುದು 149 ರೂಪಾಯಿಯ ಮೊಬೈಲ್ ಪ್ಲಾನ್. ಅದು ಟಿ.ವಿ.ಯಲ್ಲಿ ಬರುವುದಿಲ್ಲ. ಜಾನ್ ಸೀನಾ 17ನೇ ಬಾರಿ ಚಾಂಪಿಯನ್ ಆದ ಆ ಏಪ್ರಿಲ್ ಬೆಳಿಗ್ಗೆ ಅಪ್ಪ ನನ್ನ ಮೊಬೈಲನ್ನು ಅಂಗೈ ಅಗಲದಲ್ಲಿ ಹಿಡಿದು, ಕೈ ಚಾಚಿ, ಕನ್ನಡಕ ಹಣೆಗೆ ಏರಿಸಿ ನೋಡುತ್ತಿದ್ದರು. ನಾನು ಅವರ ಭುಜದ ಹಿಂದಿನಿಂದ ಬಗ್ಗಿ ನೋಡಿದೆ. ಎದುರಾಳಿ ಕೋಡಿ ರೋಡ್ಸ್ ಬಿದ್ದದ್ದು ಅಪ್ಪನಿಗೆ ಸರಿಯಾಗಿ ಕಾಣಲೇ ಇಲ್ಲ. ಪಕ್ಕದ ಮನೆಯವರು ಮೊದಲು ಬಂದು ಕೂರುತ್ತಿದ್ದರು, ಈಗ ಬರುವುದಿಲ್ಲ. ಐದಂಗುಲದ ಪರದೆಗೆ ಯಾರನ್ನು ಕರೆಯುವುದು?

ಹಾಗಾಗಿ ಅಣ್ಣಾ, ಕುಸ್ತಿ ಯಾರಿಗೆ ಕಾಣಬೇಕು ಎಂಬುದನ್ನು ಮೊದಲು ತೀರ್ಮಾನಿಸಿ, ಬೆಲೆ ನಂತರ. ನೇರಪ್ರಸಾರ ಎಲ್ಲರಿಗೂ ಉಚಿತ, ಸದಸ್ಯತ್ವದ ಹಣ ಕಟ್ಟಿದವರಿಗೆ ಮಾತ್ರ ಎಂದು ಮುಂದೆ ಬದಲಾಯಿಸುವಂತಿಲ್ಲ ಎಂದು ಬರೆಸಿ.

ಭೀಮಾ ದಂಡೆ (ಅಫಜಲಪುರ, ಈಗ ಪುಣೆ)

ಅಕ್ಕ ಹೇಳಿದ್ದಕ್ಕೆ ನನ್ನದೊಂದು ಕೈ. ನಾವು ಇಲ್ಲಿ ಕಟ್ಟಡದ ಕೆಲಸದಲ್ಲಿ ಇದ್ದೇವೆ, ಒಂದೇ ಶೆಡ್ಡಿನಲ್ಲಿ ಒಂಬತ್ತು ಜನ, ಎಲ್ಲರೂ ನಮ್ಮ ಕಡೆಯವರೇ. ಜಾತ್ರೆಗೆ ಬರಲು ರಜೆ ಸಿಗದ ವರ್ಷ ಮೊಬೈಲಿನಲ್ಲೇ ಕುಸ್ತಿ ನೋಡುತ್ತೇವೆ. ಹೋದ ವರ್ಷ ಒಂದೂರಿನ ನೇರಪ್ರಸಾರದಲ್ಲಿ ಕೊನೆಯ ಕುಸ್ತಿಗೆ ಶಬ್ದವೇ ಹೋಯಿತು. ಮೈಕಿನಲ್ಲಿ ಸಿನಿಮಾ ಹಾಡು ಹಾಕಿದ್ದರಂತೆ, ಹಾಡಿನ ಹಕ್ಕುದಾರರ ಆಕ್ಷೇಪಕ್ಕೆ ಯೂಟ್ಯೂಬ್ ಧ್ವನಿ ಅಳಿಸಿತು. ಹಲಗೆ ಬಡಿಯುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ದಯವಿಟ್ಟು ಆ ದಿನ ಹಾಡು ಹಾಕಿಸಬೇಡಿ. ನಮಗೆ ಹಲಗೆ ಸದ್ದು ಬೇಕು.

ಎಂಟು ಮೂಲೆ (ಕಲಬುರಗಿ)

ನಾನು ಎಂಜಿನಿಯರಿಂಗ್ ವಿದ್ಯಾರ್ಥಿ, ಎಂಎಂಎ (ಮಿಶ್ರ ಸಮರಕಲೆ) ಅಭ್ಯಾಸ ಮಾಡುತ್ತೇನೆ. ಈ ವಿಷಯದಲ್ಲಿ ಯುಎಫ್‌ಸಿಯ ದಾರಿ ನೋಡಿದರೆ ಎರಡು ಪಾಠ ಸಿಗುತ್ತವೆ, ಮತ್ತು ಅವು ಒಂದಕ್ಕೊಂದು ಎದುರು ನಿಲ್ಲುತ್ತವೆ.

2001ರಲ್ಲಿ ಯುಎಫ್‌ಸಿಯನ್ನು ಝುಫ್ಫಾ ಕಂಪನಿ ಕೊಂಡದ್ದು 20 ಲಕ್ಷ ಡಾಲರ್‌ಗೆ. ಟಿ.ವಿ.ಯವರು ಹತ್ತಿರ ಸೇರಿಸುತ್ತಿರಲಿಲ್ಲ. 2005ರಲ್ಲಿ ಸ್ಪೈಕ್ ಟಿ.ವಿ.ಯಲ್ಲಿ ‘ದಿ ಅಲ್ಟಿಮೇಟ್ ಫೈಟರ್’ ಬಂದದ್ದು ಕೂಡ ನಿರ್ಮಾಣದ ಖರ್ಚನ್ನು ಮಾಲೀಕರೇ ಭರಿಸಿದ್ದರಿಂದ. ಅದರ ಕೊನೆಯ ದಿನ, ಏಪ್ರಿಲ್ 9ರಂದು, ಫಾರೆಸ್ಟ್ ಗ್ರಿಫಿನ್ ಮತ್ತು ಸ್ಟೀಫನ್ ಬೊನ್ನಾರ್ ಮೂರು ಸುತ್ತು ಎದೆಗೆ ಎದೆ ಕೊಟ್ಟು ಹೊಡೆದಾಡಿದರು. ಸಾಮಾನ್ಯ ಕೇಬಲ್ ಚಾನೆಲ್‌ನಲ್ಲಿ, ಪ್ರತ್ಯೇಕ ಹಣವಿಲ್ಲದೆ ಜನ ನೋಡಿದರು. ಅಲ್ಲಿಂದ ಬೆಲೆ ಏರಿತು. 2011ರಲ್ಲಿ ಫಾಕ್ಸ್, 2019ರಲ್ಲಿ ಇಎಸ್‌ಪಿಎನ್, 2016ರಲ್ಲಿ ಕಂಪನಿಯೇ ಸುಮಾರು 400 ಕೋಟಿ ಡಾಲರ್‌ಗೆ ಮಾರಾಟ. ಈಗ 2026ರಿಂದ ಪ್ಯಾರಾಮೌಂಟ್ ಜೊತೆ ಏಳು ವರ್ಷಕ್ಕೆ 770 ಕೋಟಿ ಡಾಲರ್. ವರ್ಷಕ್ಕೆ 13 ದೊಡ್ಡ ಪಂದ್ಯಾವಳಿ, 30 ಫೈಟ್ ನೈಟ್. ಮುಖ್ಯವಾದ ಮಾತು: ಅಮೆರಿಕದಲ್ಲಿ ಒಂದೊಂದು ಪಂದ್ಯಾವಳಿಗೆ 80 ಡಾಲರ್ ತೆತ್ತು ನೋಡುವ ಪದ್ಧತಿಯೇ ನಿಂತಿತು. ತಿಂಗಳ ಚಂದಾ ಕಟ್ಟಿದವರಿಗೆ ಎಲ್ಲವೂ ಅದರಲ್ಲೇ ಸಿಗುತ್ತದೆ. ಅಂದರೆ ಮೊದಲು ಜನರಿಗೆ ತೋರಿಸಬೇಕು, ಹಣ ಹಿಂದೆ ಬರುತ್ತದೆ. ಇದು ಒಂದು ಪಾಠ.

ಇನ್ನೊಂದು ಪಾಠ ಕಹಿ. ಹಣ ಬಂದಾಗ ಅದು ಹೊಡೆತ ತಿಂದವರ ಕೈಗೆ ಬರಲಿಲ್ಲ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್‌ನಲ್ಲಿ ಆದಾಯದ ಅರ್ಧದಷ್ಟು ಆಟಗಾರರಿಗೆ ಹೋಗುತ್ತದೆ. ಯುಎಫ್‌ಸಿಯಲ್ಲಿ ಆಟಗಾರರ ಪಾಲು ಐದರಲ್ಲಿ ಒಂದರ ಆಸುಪಾಸು ಎಂಬುದು ನ್ಯಾಯಾಲಯದಲ್ಲಿ ಬಯಲಾಯಿತು. 2014ರಲ್ಲಿ ಹೂಡಿದ ಮೊಕದ್ದಮೆಯದು. 33.5 ಕೋಟಿ ಡಾಲರ್‌ಗೆ ರಾಜಿ ಎಂದಾಗ ನ್ಯಾಯಾಧೀಶರು 2024ರ ಜುಲೈನಲ್ಲಿ ಒಪ್ಪಲಿಲ್ಲ. ಕೊನೆಗೆ 37.5 ಕೋಟಿ ಡಾಲರ್‌ಗೆ ಏರಿದ ರಾಜಿಗೆ 2025ರ ಫೆಬ್ರುವರಿಯಲ್ಲಿ ಒಪ್ಪಿಗೆ ಸಿಕ್ಕಿತು. ಹತ್ತು ವರ್ಷ ಬೇಕಾಯಿತು. ಆ ಹೊತ್ತಿಗೆ ಎಷ್ಟೋ ಜನ ಆಟವನ್ನೇ ಬಿಟ್ಟಿದ್ದರು.

2024ರ ಜೂನ್‌ನಲ್ಲಿ ಪೂಜಾ ತೋಮರ್ ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆಯಾದಾಗ ನಾನು ಹಾಸ್ಟೆಲ್ ಕೋಣೆಯಲ್ಲಿ ಕುಣಿದಾಡಿದ್ದೆ. ಅಂಥವರ ಕೈಗೆ ಎಷ್ಟು ಬರುತ್ತದೆ ಎಂದು ಕೇಳುವುದು ಅಭಿಮಾನಿಯ ಕರ್ತವ್ಯ ಎಂದೇ ನಂಬಿದ್ದೇನೆ. ನಿಮ್ಮ 40 ಸಾವಿರದಲ್ಲಿ ಪೈಲ್ವಾನರಿಗೆ ಎಷ್ಟು ಎಂದು ಎಲ್ಲಾದರೂ ಬರೆದಿದೆಯೇ?

ಆಳಂದ ರಸ್ತೆ (ಕಲಬುರಗಿ)

ಬರೆದಿಲ್ಲ. ನಾವೂ ಯೋಚಿಸಿರಲಿಲ್ಲ. ಒಪ್ಪಿಕೊಳ್ಳುತ್ತೇನೆ.

ತೊಗರಿ ಹೊಲ (ಸೇಡಂ)

ಪೈಲ್ವಾನರಿಗೆ ಇನಾಮು ಕೊಡುತ್ತಾರಲ್ಲ? ಸಮಿತಿಯವರು ಮಣ್ಣು ಹದ ಮಾಡಿಸಬೇಕು, ಊಟ ಹಾಕಿಸಬೇಕು, ಪೊಲೀಸ್ ಪರವಾನಗಿ ತೆಗೆದುಕೊಳ್ಳಬೇಕು. ಅದಕ್ಕೆಲ್ಲ ಹಣ ಎಲ್ಲಿಂದ ಬರಬೇಕು?

ತಾಲೀಮು ಮನೆ (ಹುಮನಾಬಾದ್)

ತಮ್ಮಾ, ನೀನು ಹೇಳುವುದೂ ನಿಜ. ಸಮಿತಿಯವರ ಕಷ್ಟ ನನಗೆ ಗೊತ್ತು. ನಾನು ಆಡಿದವನು, ಈಗ ಹುಡುಗರಿಗೆ ಕಲಿಸುತ್ತೇನೆ. ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದಕ್ಕೆ ತರುವುದು ಎಂಟು ದಿನದ ಕೆಲಸ. ಆದರೆ ಹುಡುಗನೊಬ್ಬನನ್ನು ಹದಕ್ಕೆ ತರುವುದು ಎಂಟು ವರ್ಷದ ಕೆಲಸ. ಹಾಲು, ತುಪ್ಪ, ಬಾದಾಮಿಯ ಬೆಲೆ ಕಿರಾಣಿ ಅಂಗಡಿಯಲ್ಲಿ ಕೇಳಿ ನೋಡು. ಐದು ಸಾವಿರದ ಇನಾಮು ಗೆದ್ದವನು ಗಾಡಿ ಬಾಡಿಗೆ, ಜೊತೆಗೆ ಬಂದವರ ಊಟ ಕಳೆದು ಮನೆಗೆ ಒಯ್ಯುವುದು ಎರಡು ಸಾವಿರ.

ಹಣದ ಮಾತು ಇರಲಿ. ನನಗೆ ನೋವಾದದ್ದು ಬೇರೆ. ಹೋದ ವರ್ಷ ನನ್ನ ಹುಡುಗನೊಬ್ಬ ಒಂದು ಜಾತ್ರೆಯಲ್ಲಿ ತನಗಿಂತ ಹತ್ತು ಕೆ.ಜಿ. ಹೆಚ್ಚು ತೂಕದವನನ್ನು ಢಾಕ್ ಎಂಬ ಡಾವು (ಪಟ್ಟು) ಹಾಕಿ ಚಿತ್ ಮಾಡಿದ. ತಿಂಗಳ ನಂತರ ಬಸ್ ನಿಲ್ದಾಣದ ಎದುರಿನ ಚಹದ ಅಂಗಡಿಯಲ್ಲಿ ಯಾರೋ ಮೊಬೈಲ್ ತೋರಿಸಿದರು. ಅದೇ ಕುಸ್ತಿ. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ನೋಡಿದ್ದರು. ಮೇಲೆ ‘ಭಯಂಕರ ಕುಸ್ತಿ, ಕೊನೆಯವರೆಗೆ ನೋಡಿ’ ಎಂದು ಬರೆದಿತ್ತು. ಹುಡುಗನ ಹೆಸರಿಲ್ಲ. ಕೆಳಗೆ ಊರಿನ ಹೆಸರಿತ್ತು, ಅದು ಸೋತವನ ಊರು. ಹುಡುಗ ನನ್ನ ಪಕ್ಕದಲ್ಲೇ ಕುಳಿತಿದ್ದ. ಮೂರು ಸಲ ನೋಡಿದ. ಮೂರನೇ ಸಲ ಎದುರಾಳಿಯ ಕಾಲು ನೆಲ ಬಿಡುವ ಕ್ಷಣದಲ್ಲಿ ಬೆರಳಿಟ್ಟು ನಿಲ್ಲಿಸಿದ. ತನ್ನ ಮುಖವನ್ನೇ ನೋಡುತ್ತ ಕುಳಿತ. ಆಮೇಲೆ ಮೊಬೈಲ್ ವಾಪಸು ಕೊಟ್ಟು, ‘ಉಸ್ತಾದ್, ಹೋಗೋಣ’ ಎಂದ.

ನಾಲ್ಕು ಲಕ್ಷ ಜನ ಅವನನ್ನು ನೋಡಿದ್ದಾರೆ, ಅವನು ಯಾರೆಂದು ಒಬ್ಬರಿಗೂ ಗೊತ್ತಿಲ್ಲ. ಅವನ ಅಪ್ಪ ಗೌಂಡಿ ಕೆಲಸ ಮಾಡುತ್ತಾನೆ. ಮಗನ ಹೆಸರು ಪರದೆಯ ಮೇಲೆ ಬಂದಿದ್ದರೆ ಆ ಮನುಷ್ಯ ಅದನ್ನು ಊರಿಗೆಲ್ಲ ತೋರಿಸುತ್ತಿದ್ದ.

ಮಂಗಳವಾರ ಬೆಳಿಗ್ಗೆ (ಯಾದಗಿರಿ)

ಉಸ್ತಾದರೇ, ಓದಿ ಕಣ್ಣು ತುಂಬಿತು. ಡಬ್ಲ್ಯುಡಬ್ಲ್ಯುಇಯ ಇಡೀ ವ್ಯಾಪಾರ ನಿಂತಿರುವುದೇ ಹೆಸರಿನ ಮೇಲೆ. ಸಂಗೀತ ಶುರುವಾದೊಡನೆ ಯಾರು ಬರುತ್ತಿದ್ದಾರೆಂದು ಮಗುವಿಗೂ ಗೊತ್ತಾಗುತ್ತದೆ. 2023ರ ಸೆಪ್ಟೆಂಬರ್ 8ರಂದು ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಆರು ವರ್ಷದ ನಂತರ ಭಾರತದಲ್ಲಿ ಅವರ ಪಂದ್ಯ ನಡೆದಾಗ ನಾನು ತಮ್ಮನ ಜೊತೆ ಹೋಗಿದ್ದೆ. ಸೀನಾ ಹೊರಬರುವ ಮೊದಲೇ ಕ್ರೀಡಾಂಗಣ ಎದ್ದು ನಿಂತಿತ್ತು. ಆ ಅಭಿಮಾನ ಒಂದು ರಾತ್ರಿಯಲ್ಲಿ ಹುಟ್ಟಿದ್ದಲ್ಲ. ಇಪ್ಪತ್ತು ವರ್ಷ ವಾರವಾರವೂ ಟಿ.ವಿ.ಯಲ್ಲಿ ಹೆಸರು ಕೇಳಿ, ಮುಖ ನೋಡಿ ಬೆಳೆದದ್ದು.

ಇನ್ನೊಂದು ಮಾತು. ನೇರಪ್ರಸಾರವನ್ನು ಕೋಟಿ ಕೋಟಿಗೆ ಮಾರಿದರೂ ಅವರು ತುಣುಕುಗಳನ್ನು ತಮ್ಮ ಯೂಟ್ಯೂಬ್ ಚಾನೆಲ್‌ನಲ್ಲಿ ಉಚಿತವಾಗಿ ಹಾಕುವುದನ್ನು ಬಿಟ್ಟಿಲ್ಲ. 10 ಕೋಟಿಗೂ ಹೆಚ್ಚು ಚಂದಾದಾರರಿದ್ದಾರೆ. ಊರಿನವರು ಒಂದು ತುಣುಕನ್ನೂ ಹಾಕಬಾರದು ಎಂಬ ಷರತ್ತು ಅಷ್ಟು ದೊಡ್ಡವರಿಗೂ ಬೇಕಾಗಿಲ್ಲ.

ಹಳೆ ಕೇಬಲ್ (ಶಹಾಬಾದ್)

ಹಳೆಯ ಕ್ಯಾಸೆಟ್‌ಗಳ ಬಗ್ಗೆ ಯಾರೂ ಮಾತಾಡಲಿಲ್ಲ. ಅದನ್ನು ಹಗುರವಾಗಿ ಬಿಡಬೇಡಿ.

ಡಬ್ಲ್ಯುಸಿಡಬ್ಲ್ಯು ನೆನಪಿದೆಯೇ? 1995ರ ಸೆಪ್ಟೆಂಬರ್‌ನಲ್ಲಿ ಟಿಎನ್‌ಟಿಯಲ್ಲಿ ‘ನೈಟ್ರೋ’ ಶುರು ಮಾಡಿ ಸುಮಾರು ಒಂದೂವರೆ ವರ್ಷ ರಾ ಕಾರ್ಯಕ್ರಮವನ್ನು ವಾರವಾರವೂ ಹಿಂದೆ ಹಾಕಿದ ಕಂಪನಿ ಅದು. 2001ರಲ್ಲಿ ಅದನ್ನು ಕೊಳ್ಳಲು ಬೇರೆಯವರು ಸಿದ್ಧರಿದ್ದರು. ಆದರೆ ಟಿ.ವಿ.ಯ ಹೊಸ ಅಧಿಕಾರಿ ಇನ್ನು ಮುಂದೆ ಕುಸ್ತಿಗೆ ಸಮಯ ಕೊಡುವುದಿಲ್ಲ ಎಂದು ತೀರ್ಮಾನಿಸಿದರು. ಸಮಯವೇ ಇಲ್ಲವೆಂದ ಮೇಲೆ ಕೊಳ್ಳುವವರು ಹಿಂದೆ ಸರಿದರು. ರಾ ನಡೆಸುತ್ತಿದ್ದ ಎದುರಾಳಿ ವಿನ್ಸ್ ಮೆಕ್‌ಮಹೊನ್ 50 ಲಕ್ಷ ಡಾಲರ್‌ಗೂ ಕಡಿಮೆ ಬೆಲೆಗೆ ಎತ್ತಿಕೊಂಡರು. ರಿಂಗ್, ಆಟಗಾರರು, ಹೆಸರು ಎಲ್ಲ ಇದ್ದೂ ಪ್ರಸಾರ ತಪ್ಪಿದ್ದಕ್ಕೆ ಕಂಪನಿ ಮಣ್ಣುಪಾಲಾಯಿತು. ಮೆಕ್‌ಮಹೊನ್ ಅವರಿಗೆ ಸಿಕ್ಕ ನಿಧಿ ಯಾವುದು ಗೊತ್ತೇ? ಹಳೆಯ ಟೇಪುಗಳು. ಅವನ್ನೇ ಇಪ್ಪತ್ತು ವರ್ಷದಿಂದ ಡಿ.ವಿ.ಡಿ.ಯಾಗಿ, ಆಮೇಲೆ 2014ರಲ್ಲಿ ಸ್ವಂತ ನೆಟ್‌ವರ್ಕ್‌ ಮೂಲಕ, ಆಮೇಲೆ ಪೀಕಾಕ್ ಎಂಬ ಸ್ಟ್ರೀಮಿಂಗ್ ತಾಣದ ಮೂಲಕ ಮಾರಿ ಹಣ ಮಾಡಿದರು.

ನಿಮ್ಮ ಸಮಿತಿಯ ಕಪಾಟಿನಲ್ಲಿ ಏನಿದೆ ಎಂದು ಮೊದಲು ತೆಗೆದು ನೋಡಿ. ವಿ.ಎಚ್.ಎಸ್. ಕ್ಯಾಸೆಟ್‌ಗಳಿಗೆ ಬೂಸಲು ಹಿಡಿಯುತ್ತದೆ. ಕಲಬುರಗಿಯ ಫೋಟೊ ಸ್ಟುಡಿಯೊಗಳಲ್ಲಿ ವಿಚಾರಿಸಿ, ಕಂಪ್ಯೂಟರ್‌ಗೆ ಇಳಿಸಿಕೊಡುವವರು ಸಿಗುತ್ತಾರೆ. ಒಂದು ಪ್ರತಿ ಊರಿನಲ್ಲೇ ಇರಲಿ.

ಕೋರ್ಟ್ ರಸ್ತೆ (ಕಲಬುರಗಿ)

ವಕೀಲನಾಗಿ ಕೆಲವು ಮಾತು. ಕರಾರುಪತ್ರ ನೋಡದೆ ಹೇಳುತ್ತಿದ್ದೇನೆ, ಸಹಿ ಮಾಡುವ ಮೊದಲು ಒಬ್ಬ ವಕೀಲರಿಗೆ ಖುದ್ದಾಗಿ ತೋರಿಸಿ.

1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರಸಾರ ಮಾಡಿದ ಸಂಸ್ಥೆಗೆ ಆ ಪ್ರಸಾರದ ಮೇಲೆ 25 ವರ್ಷದ ಹಕ್ಕು ಇದೆ. ಪ್ರದರ್ಶಕರಿಗೆ 50 ವರ್ಷದ ಹಕ್ಕು ಇದೆ. ಪ್ರದರ್ಶಕ ಎಂದರೆ ಯಾರು ಎಂಬ ವ್ಯಾಖ್ಯಾನದಲ್ಲಿ ನಟ, ಗಾಯಕ, ಸಂಗೀತಗಾರ, ನರ್ತಕ, ದೊಂಬರಾಟದವನು, ಜಾದೂಗಾರ, ಹಾವಾಡಿಗ, ಉಪನ್ಯಾಸಕಾರನವರೆಗೆ ಹೆಸರಿದೆ, ಕೊನೆಗೆ ಪ್ರದರ್ಶನ ನೀಡುವ ಇತರ ಯಾರಾದರೂ ಎಂದಿದೆ. ಪೈಲ್ವಾನ ಎಂಬ ಹೆಸರಿಲ್ಲ. ಕ್ರೀಡಾಪಟು ಆ ‘ಇತರ’ರಲ್ಲಿ ಸೇರುತ್ತಾನೋ ಇಲ್ಲವೋ ಎಂಬುದು ವಾದಕ್ಕೆ ಬಿಟ್ಟ ವಿಷಯ. ಹಾಗಾಗಿ ಕಾಯ್ದೆ ಕಾಪಾಡುತ್ತದೆ ಎಂದು ಕೂರದೆ ಕರಾರಿನಲ್ಲೇ ಬರೆಸಬೇಕು.

ಬರೆಯದೆ ಬಿಟ್ಟರೆ ಏನಾಗುತ್ತದೆ ಎಂಬುದೂ ಗೊತ್ತಿರಲಿ. ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದೂ, ಪ್ರದೇಶ ನಮೂದಿಸದಿದ್ದರೆ ಇಡೀ ಭಾರತ ಎಂದೂ ಕಾಯ್ದೆಯೇ ಊಹಿಸಿಕೊಳ್ಳುತ್ತದೆ. ‘ಹಳೆಯ ವಿಡಿಯೊಗಳೂ ಸೇರಿ’ ಎಂಬ ಒಂದು ಸಾಲನ್ನು ಪೂರ್ತಿ ಹೊಡೆದು ಹಾಕಿಸಿ. ಚಾನೆಲ್ ಅನ್ನು ಬೇರೆಯವರಿಗೆ ಮಾರಿದರೆ ಈ ಕರಾರು ಅಲ್ಲಿಗೇ ಮುಗಿಯಬೇಕು ಎಂದು ಬರೆಸಿ, ಕೇಬಲ್ ಅಣ್ಣನವರ ಪ್ರಶ್ನೆಗೆ ಉತ್ತರ ಅದು. ಐದು ವರ್ಷ ಬೇಡ, ಒಂದು ವರ್ಷ ಸಾಕು. ಚೆನ್ನಾಗಿ ಮಾಡಿದರೆ ಅವರಿಗೇ ಮತ್ತೆ ಕೊಡಬಹುದು.

ಎಂಟು ಮೂಲೆ (ಕಲಬುರಗಿ)

ಸರ್, ಒಂದು ವರ್ಷ ಎಂದರೆ ಅವರು ಕ್ಯಾಮೆರಾಕ್ಕೆ ಹಣ ಹಾಕುತ್ತಾರೆಯೇ? ಇಂಥ ಕುಸ್ತಿಗೆ ಒಂದೇ ಕ್ಯಾಮೆರಾ ಇಟ್ಟರೆ ಕಾಣುವುದು ಬೆನ್ನು ಮಾತ್ರ. ನಿಕಾಲಿ ಕುಸ್ತಿಗೆ ಸಮಯದ ಮಿತಿಯೂ ಇಲ್ಲ. 2011ರ ನವೆಂಬರ್ 12ರಂದು ಯುಎಫ್‌ಸಿ ಫಾಕ್ಸ್‌ನಲ್ಲಿ ಮೊದಲ ಬಾರಿ ಬಂದಾಗ ಇಡೀ ಒಂದು ಗಂಟೆಯ ಕಾರ್ಯಕ್ರಮಕ್ಕೆ ಒಂದೇ ಪಂದ್ಯ ಇಟ್ಟಿದ್ದರು. ಜೂನಿಯರ್ ಡೋಸ್ ಸಾಂಟೋಸ್ 64 ಸೆಕೆಂಡಿನಲ್ಲಿ ಕೇನ್ ವೆಲಾಸ್ಕೆಸ್‌ನನ್ನು ಮಲಗಿಸಿದ. ಉಳಿದ ಹೊತ್ತು ಮಾತಾಡಿ ತುಂಬಿಸಬೇಕಾಯಿತು. ಡಬ್ಲ್ಯುಡಬ್ಲ್ಯುಇಗೆ ಟಿ.ವಿ.ಯವರು ಅಷ್ಟು ಹಣ ಸುರಿಯುವುದಕ್ಕೆ ಒಂದು ಕಾರಣ ಅದೇ: ವರ್ಷದ 52 ವಾರವೂ ನಡೆಯುತ್ತದೆ, ಜಾಹೀರಾತು ಯಾವಾಗ ಬೇಕೋ ಆಗ ಪಂದ್ಯ ತಗ್ಗುತ್ತದೆ, ಏರುತ್ತದೆ. ನಿಜವಾದ ಕುಸ್ತಿಗೆ ಆ ಶಿಸ್ತು ಬರುವುದಿಲ್ಲ. ನಾಳೆ ಚಾನೆಲ್‌ನವರು ‘ಹತ್ತು ನಿಮಿಷಕ್ಕೆ ಮುಗಿಸಿ’ ಎಂದು ಕೇಳುವುದು ಖಂಡಿತ.

ತಾಲೀಮು ಮನೆ (ಹುಮನಾಬಾದ್)

ಅದಕ್ಕೆ ಒಪ್ಪಬೇಡಿ. ನಿಕಾಲಿ ಎಂದರೆ ತೀರ್ಮಾನ ಆಗುವವರೆಗೆ. ನನ್ನದೊಂದು ಕುಸ್ತಿ 50 ನಿಮಿಷ ನಡೆದಿತ್ತು. ಕೊನೆಯ ಹತ್ತು ನಿಮಿಷ ಹಲಗೆಯವರೂ ಬಡಿಯುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಕ್ಯಾಮೆರಾಕ್ಕಾಗಿ ಡಾವು ಬದಲಿಸಿದರೆ ಅದು ಬೇರೆ ಆಟ. ಡಬ್ಲ್ಯುಡಬ್ಲ್ಯುಇಯವರನ್ನು ನಾನು ಹೀಗಳೆಯುವುದಿಲ್ಲ, ಅಷ್ಟು ಎತ್ತರದಿಂದ ಬೀಳುವ ದೇಹ ನಿಜವಾದ ದೇಹವೇ. ಆದರೆ ಅವರ ಆಟ ಅವರಿಗೆ, ನಮ್ಮ ಮಣ್ಣು ನಮಗೆ.

ಭೀಮಾ ದಂಡೆ (ಅಫಜಲಪುರ, ಈಗ ಪುಣೆ)

ಎರಡು ಗಂಟೆ ನಡೆದರೂ ನೋಡುತ್ತೇವೆ ಉಸ್ತಾದ್. ಶೆಡ್ಡಿನಲ್ಲಿ ಆ ದಿನ ಅಡುಗೆ ತಡ.

ಕೋರ್ಟ್ ರಸ್ತೆ (ಕಲಬುರಗಿ)

ಎಂಟು ಮೂಲೆಯ ಪ್ರಶ್ನೆ ನ್ಯಾಯವಾದದ್ದು. ಕ್ಯಾಮೆರಾಕ್ಕೆ ಹಣ ಹಾಕುವವನಿಗೆ ಭರವಸೆ ಬೇಕು. ಒಂದು ವರ್ಷ ಕೊಟ್ಟು, ಮುಂದಿನ ವರ್ಷ ಬೇರೆ ಯಾರಾದರೂ ಹೆಚ್ಚು ಕೊಟ್ಟರೆ ಅದೇ ಮೊತ್ತಕ್ಕೆ ಮೊದಲು ಇವರನ್ನೇ ಕೇಳುತ್ತೇವೆ ಎಂದು ಬರೆಯಬಹುದು. ಇಬ್ಬರಿಗೂ ನಷ್ಟವಿಲ್ಲ.

ತೊಗರಿ ಹೊಲ (ಸೇಡಂ)

ಇದು ಸರಿ ಕಾಣುತ್ತದೆ. ನಮ್ಮೂರಿನವರಿಗೂ ಇದನ್ನೇ ಹೇಳುತ್ತೇನೆ. ಆದರೆ ಆಳಂದ ಅಣ್ಣಾ, ಇಷ್ಟೆಲ್ಲ ಕೇಳಿದ ಮೇಲೆ ಅವರು ಎದ್ದು ಹೋದರೆ ಪೆಂಡಾಲಿನ ಹಣ ಯಾರು ಕೊಡುತ್ತಾರೆ ಎಂಬುದಕ್ಕೂ ಸಿದ್ಧವಾಗಿರಿ.

ಆಳಂದ ರಸ್ತೆ (ಕಲಬುರಗಿ)

ಸಭೆ ಮುಗಿಸಿ ಬಂದು ಬರೆಯುತ್ತಿದ್ದೇನೆ.

ಚಾನೆಲ್‌ನವರು ಎದ್ದು ಹೋಗಲಿಲ್ಲ, ಆದರೆ 40 ಸಾವಿರ 30 ಸಾವಿರಕ್ಕೆ ಇಳಿಯಿತು. ಒಂದೇ ವರ್ಷ. ನೇರಪ್ರಸಾರ ಉಚಿತ. ಊರಿನವರು ಐದು ನಿಮಿಷದವರೆಗಿನ ತುಣುಕು ಹಾಕಬಹುದು. ಚಾನೆಲ್ ಮಾರಿದರೆ ಕರಾರು ರದ್ದು. ಹಳೆಯ ಕ್ಯಾಸೆಟ್‌ನ ಸಾಲನ್ನು ಹೊಡೆದು ಹಾಕಿದ್ದಾರೆ. ಕಪಾಟು ತೆಗೆದಾಗ ಹನ್ನೊಂದು ಕ್ಯಾಸೆಟ್ ಸಿಕ್ಕವು, ಮೂರಕ್ಕೆ ಬೂಸಲು ಬಂದಿದೆ. ಕುಸ್ತಿಗೆ ಸಮಯದ ಮಿತಿ ಇಲ್ಲ. ಸಿನಿಮಾ ಹಾಡು ಇಲ್ಲ.

ಪೈಲ್ವಾನರ ಪಾಲಿನ ಮಾತು ಬಂದಾಗ ಎರಡು ಗಂಟೆ ವಾದ ನಡೆಯಿತು. ಅರ್ಧ ಕೊಡಬೇಕು ಎಂದು ನಾನು ಕೇಳಿದೆ. ಹಿರಿಯರು ಮೂರರಲ್ಲಿ ಒಂದು ಪಾಲು ಒಪ್ಪಿದರು: ಹತ್ತು ಸಾವಿರ, ಗೆದ್ದವರು ಸೋತವರು ಎಂದು ನೋಡದೆ ದೊಡ್ಡ ಕುಸ್ತಿಯ ಎಲ್ಲರಿಗೂ ಸಮವಾಗಿ, ಇನಾಮಿನ ಹೊರತು. ನನಗೆ ತೃಪ್ತಿಯಿಲ್ಲ, ಮುಂದಿನ ವರ್ಷ ಮತ್ತೆ ಕೇಳುತ್ತೇನೆ. ಪೆಂಡಾಲಿಗೆ ಕಡಿಮೆ ಬಿದ್ದದ್ದಕ್ಕೆ ಪಟ್ಟಿ ಎತ್ತಲು ನಾಳೆಯಿಂದ ಹೊರಡುತ್ತೇವೆ.

ಉಸ್ತಾದರೇ, ಕೊನೆಯ ಷರತ್ತು ನಿಮ್ಮದು. ಪ್ರತಿ ಕುಸ್ತಿಗೆ ಮೊದಲು ಇಬ್ಬರ ಹೆಸರು, ಊರು, ತಾಲೀಮಿನ ಹೆಸರು ಪರದೆಯ ಮೇಲೆ ಬರಬೇಕು, ಮುಗಿದ ಮೇಲೆ ಗೆದ್ದವನ ಹೆಸರು ಮತ್ತೊಮ್ಮೆ ಬರಬೇಕು, ವಿಡಿಯೊದ ತಲೆಬರಹದಲ್ಲೂ ಇರಬೇಕು ಎಂದು ಬರೆಸಿದ್ದೇವೆ. ಚಾನೆಲ್‌ನ ಹುಡುಗ ಇದಕ್ಕೆ ಒಂದು ಮಾತೂ ಆಡದೆ ಒಪ್ಪಿದ. ಆದರೆ ಹೆಸರುಗಳನ್ನು ಎರಡು ದಿನ ಮೊದಲೇ ಬರೆದು ಕೊಡಬೇಕಂತೆ.

ತಾಲೀಮು ಮನೆ (ಹುಮನಾಬಾದ್)

ನನ್ನ ಕಡೆಯಿಂದ ನಾಲ್ವರು ಬರುತ್ತಾರೆ. ಹೆಸರುಗಳನ್ನು ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ, ಫೋಟೊ ತೆಗೆದು ಕಳಿಸುತ್ತೇನೆ. ಢಾಕ್ ಹಾಕಿದ ಹುಡುಗನೂ ಇದ್ದಾನೆ. ಅವನ ಅಪ್ಪ ಆ ದಿನ ಗೌಂಡಿ ಕೆಲಸ ಬಿಟ್ಟು ಬರುತ್ತಾನಂತೆ, ಅವನಿಗೆ ಮಟ್ಟಿಯ ಹತ್ತಿರ ಕೂರಲು ಸ್ವಲ್ಪ ಜಾಗ ಮಾಡಿಸಿ.